ತೋಳಿಗೆಷ್ಟು ತುತ್ತು

ನದಿ ದಂಡೆಯ ಗರಡಿಯಲ್ಲಿ ಕೆಂಚವೀರಪ್ಪ ಎಂಬ ವಸ್ತಾದರಿದ್ದರು. ಅವರ ಹತ್ತಿರ ಕುಸ್ತಿ ಕಲಿಯುತ್ತಿದ್ದವರಲ್ಲಿ ಹಾಲೇಶ ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಸಣಕಲು.

ಪಟ್ಟುಗಳೆಲ್ಲ ಅವನಿಗೆ ಬರುತ್ತಿದ್ದವು. ಎದುರಾಳಿ ಮೈಮೇಲೆ ಭಾರ ಹಾಕಿದನೆಂದರೆ ಮಾತ್ರ ಮಣ್ಣು ಮುಕ್ಕುತ್ತಿದ್ದ. ಆ ವರ್ಷ ಮೂರು ಕುಸ್ತಿ ಹಾಗೆಯೇ ಸೋತ.

ಮೂರನೆಯದನ್ನು ಸೋತು ಬಂದವನು ವಸ್ತಾದರ ಮುಂದೆ ಕೂತ.

"ನಾನು ಎಷ್ಟು ತಿನ್ನಬೇಕ್ರಿ?"

"ನಿನ್ನೆ ಎಷ್ಟು ದಂಡ ಹೊಡೆದಿ?"

"ನೂರೈವತ್ತು."

"ನೂರೈವತ್ತಕ್ಕೆ ಸಾಲುವಷ್ಟು. ಅದರ ಮೇಲೆ ಒಂದು ಹಿಡಿ."

"ಒಂದು ಹಿಡಿಗೆ ತೋಳು ಬರ್ತಾವೇನ್ರಿ?"

"ಬರ್ತಾವು. ತಡ ಆಗ್ತೈತಿ."

ಅಂದಿನಿಂದ ಹಾಲೇಶನ ಊಟ ವಸ್ತಾದರ ಮನೆಯಲ್ಲೇ. ಹೆಂಡತಿ ತೀರಿಕೊಂಡ ಮೇಲೆ ಅವರು ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಜೋಳದ ರೊಟ್ಟಿ, ಬಟ್ಟಲು ತುಂಬ ಹೆಸರುಕಾಳು, ಸೊಪ್ಪು, ಮೊಟ್ಟೆ, ಹಾಲು. ತುಪ್ಪ ಒಂದೇ ಚಮಚ. ಎಷ್ಟು ಬೇಕೆಂದು ಕೇಳದೆ ಬಡಿಸುತ್ತಿದ್ದರು, ಮಾತಿಲ್ಲದೆ ತಟ್ಟೆ ಎತ್ತುತ್ತಿದ್ದರು.

ಹಾಲೇಶನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಲ್ಲಿ ಉಂಡವನು ಮನೆಗೆ ಹೋಗಿ ಇನ್ನೊಮ್ಮೆ ಉಣ್ಣತೊಡಗಿದ. ಬೆಣ್ಣೆ, ಬಾದಾಮಿ ಹಾಲು, ಕರಿದ ಕೋಳಿ, ಅನ್ನದ ಮೇಲೆ ಅನ್ನ. ಎರಡು ತಿಂಗಳಿಗೆ ಎಂಟು ಕಿಲೋ ಏರಿದ. ತೋಳು ಇದ್ದಲ್ಲೇ ಇತ್ತು, ಹೊಟ್ಟೆ ಮುಂದೆ ಬಂತು. ಅಖಾಡದಲ್ಲಿ ಎರಡು ಸುತ್ತು ಓಡಿದರೆ ಏದುಸಿರು. ತನಗಿಂತ ಕಿರಿಯನೊಬ್ಬನ ಕೈಯಲ್ಲಿ ಚಿತ್ ಆದ.

ನಾಚಿಕೆಯಿಂದ ಅವನು ರೊಟ್ಟಿ, ಅನ್ನ ಎರಡನ್ನೂ ಬಿಟ್ಟ. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ವಸ್ತಾದರ ಮನೆಯ ಊಟವನ್ನೂ ತಪ್ಪಿಸಿದ. ಬರೀ ಮೊಟ್ಟೆಯ ಬಿಳಿ ಭಾಗ, ಬೇಯಿಸಿದ ಕೋಳಿ, ಡಬ್ಬಿಯ ಪ್ರೋಟೀನ್ ಪುಡಿ. ದಂಡ ನೂರೈವತ್ತರಿಂದ ಮುನ್ನೂರಕ್ಕೆ ಏರಿಸಿದ.

ಹನ್ನೆರಡನೆಯ ದಿನ ಬೆಳಿಗ್ಗೆ ಅಖಾಡದಲ್ಲೇ ಕಣ್ಣು ಕತ್ತಲಿಟ್ಟು ಬಿದ್ದ.

ಎಚ್ಚರವಾದಾಗ ವಸ್ತಾದರು ಬೆಲ್ಲ ಹಾಕಿದ ಗಂಜಿ ಕುಡಿಸುತ್ತಿದ್ದರು.

"ತೋಳು ಕಟ್ಟೋದು ಮೊಟ್ಟೆ, ಕಾಳು, ಮಾಂಸ ಅಂತ ಗರಡಿಯಲ್ಲಿ ನೀವೇ ಹೇಳಿದ್ರಿ," ಅಂದ ಹಾಲೇಶ.

"ಹೇಳಿದ್ದೆ. ದುಡಿಯೋಕೆ ರೊಟ್ಟಿ ಬೇಕು ಅಂತಾನೂ ಹೇಳಿದ್ದೆ. ರೊಟ್ಟಿ ಸಿಗದಿದ್ರೆ ಮೈ ಏನು ತಿಂತೈತಿ ಗೊತ್ತೇನು?"

"ಏನು ತಿಂತೈತ್ರಿ?"

ವಸ್ತಾದರು ಅವನ ತೋಳನ್ನು ಎರಡೇ ಬೆರಳಲ್ಲಿ ಹಿಡಿದು ತೋರಿಸಿದರು. ಅದು ಸೊರಗಿತ್ತು.

ಬೈಯಲಿಲ್ಲ. ಮಧ್ಯಾಹ್ನ ಅವನನ್ನು ಎಬ್ಬಿಸಿಕೊಂಡು ದಂಡೆಗುಂಟ ನಡೆದರು. ಊರಾಚೆ ಒಂದು ಚಿಕ್ಕ ಮನೆ. ಒಳಗೆ ಹೊರಸಿನ ಮೇಲೆ ಒಬ್ಬ ದೊಡ್ಡ ಆಳು ಒರಗಿದ್ದ. ಒಂದು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಕಣ್ಣು ಮಂಜು.

"ಇವನು ಗುಡದಯ್ಯ," ಅಂದರು ವಸ್ತಾದರು. "ನನ್ನ ಶಿಷ್ಯ."

ಹಾಲೇಶನಿಗೆ ಆ ಹೆಸರು ಗೊತ್ತಿತ್ತು. ಗರಡಿಯ ಗೋಡೆಯ ಮೇಲೆ ಗದೆ ಹೊತ್ತ ಆ ಆಳಿನ ಫೋಟೋಕ್ಕೆ ದಿನಾ ಕೈಮುಗಿದೇ ಅವನು ಅಖಾಡಕ್ಕೆ ಇಳಿಯುತ್ತಿದ್ದದ್ದು.

ಗುಡದಯ್ಯ ಕೈಚಾಚಿ ಹಾಲೇಶನ ಹೆಗಲು ತಡವಿದ. "ಮೂಳೆ ಚಲೋ ಅದಾವು. ಮಾಂಸ ಬರ್ತೈತಿ ಬಿಡು," ಅಂದ.

ಅವನ ಹೆಂಡತಿ ಫಕೀರವ್ವ ತಟ್ಟೆ ತಂದಳು. ಒಂದು ರೊಟ್ಟಿ, ಒಂದಿಷ್ಟು ಪಲ್ಯ. ಗುಡದಯ್ಯ ಬೇಗ ಬೇಗ ತಿಂದು ಮುಗಿಸಿದ. ಬೆರಳಿಂದ ತಟ್ಟೆಯನ್ನು ಸವರಿ ನೋಡಿದ. ಏನೂ ಸಿಗಲಿಲ್ಲ.

"ವಸ್ತಾದ್ರೇ, ಇವಳು ನನ್ನ ಮಾತು ಕೇಳೋದಿಲ್ಲ. ನೀವೊಂದು ಮಾತು ಹೇಳ್ರಿ. ಇನ್ನೊಂದು ರೊಟ್ಟಿ ಹಾಕಲಿ."

"ಬೇಡ, ಗುಡದಯ್ಯ."

"ಅರ್ಧನಾದ್ರೂ."

"ಬೇಡಪ್ಪ. ಸಕ್ಕರೆ ಏರ್ತೈತಿ."

ಗುಡದಯ್ಯ ಸಣ್ಣ ಮಗುವಿನ ಹಾಗೆ ಮುಖ ಗೋಡೆಗೆ ತಿರುಗಿಸಿದ. ಫಕೀರವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ವಾಪಸು ಬರುವಾಗ ಹಾಲೇಶನೇ ಕೇಳಿದ.

"ಅಷ್ಟು ದೊಡ್ಡ ಪೈಲ್ವಾನರಿಗೆ ಹೀಗ್ಯಾಕೆ ಆಯ್ತ್ರಿ?"

"ಮಂಡಿ ಮುರೀತು. ದಂಡ ನಿಂತ್ವು, ಬೈಠಕ್ ನಿಂತ್ವು. ಊಟ ನಿಲ್ಲಲಿಲ್ಲ. ಸಕ್ಕರೆ ಕಾಯಿಲೆ ಬಂತು, ಕಾಲು ಹೋಯ್ತು."

"ಅವರಿಗೆ ಗೊತ್ತಾಗಲಿಲ್ವಾ?"

"ಗೊತ್ತಾಗಿತ್ತು. 'ಸಾಕ್ರಿ ವಸ್ತಾದ್ರೇ, ಹಸಿವಿಲ್ಲ' ಅಂತಿದ್ದ."

"ಮತ್ತೆ?"

ವಸ್ತಾದರು ನಿಂತರು. ನದಿಯಲ್ಲಿ ನೀರು ಕಡಿಮೆಯಿತ್ತು. ಅದನ್ನೇ ನೋಡುತ್ತ ಹೇಳಿದರು:

"ದಿನಾ ಮಾಂಸ, ತುಪ್ಪ, ಹಾಲು ನಾನೇ ಹೊತ್ತುಕೊಂಡು ಹೋಗ್ತಿದ್ದೆ. ನಾಲ್ಕು ವರ್ಷ. ನಾನು ಮಾಡಿದ ತೋಳು ಅವು. ಇಳಿಯೋದನ್ನ ನೋಡೋಕೆ ಆಗ್ತಿರಲಿಲ್ಲ ನನಗೆ."



ಮರುದಿನ ಹಾಲೇಶ ಪುಡಿಯ ಡಬ್ಬಿಯನ್ನು ಗೆಳೆಯನಿಗೆ ಕೊಟ್ಟ. ದಂಡ ನೂರೈವತ್ತಕ್ಕೆ ಇಳಿಸಿದ. ಮತ್ತೆ ವಸ್ತಾದರ ಮನೆಯ ರೊಟ್ಟಿ, ಕಾಳು, ಮೊಟ್ಟೆ, ಹಾಲು. ಕೈಕಾಲು ನೋಯುವಷ್ಟು ದುಡಿದ ದಿನ ಒಂದು ರೊಟ್ಟಿ ಹೆಚ್ಚು. ಮಳೆಗೆ ಅಖಾಡ ಮುಚ್ಚಿದ ದಿನ ಒಂದು ಕಡಿಮೆ. ತಿಂಗಳಿಗೆ ಅರ್ಧ ಕಿಲೋ ಏರಿದರೆ ಹೆಚ್ಚು. ಕೆಲವು ತಿಂಗಳು ಅದೂ ಇಲ್ಲ. ಕನ್ನಡಿಯಲ್ಲಿ ಏನೂ ಕಾಣದೆ ಎಷ್ಟೋ ಸಲ ಅಳು ಬಂದಿತ್ತು.

ವರ್ಷವಾದ ಮೇಲೆ ತನಗಿಂತ ದಪ್ಪನೆಯ ಒಬ್ಬ ಜಟ್ಟಿಯ ಭಾರವನ್ನು ಹೆಗಲ ಮೇಲೆ ತಡೆದು ನಿಂತ, ಗೆದ್ದ.

ಸುದ್ದಿ ಹೇಳಲು ಗರಡಿಗೆ ಓಡಿ ಬಂದರೆ ಬಾಗಿಲು ಹಾಕಿತ್ತು. ಗುಡದಯ್ಯ ಅಂದು ಬೆಳಿಗ್ಗೆ ತೀರಿಕೊಂಡಿದ್ದ.

ಹಾಲೇಶ ಹೆಗಲು ಕೊಟ್ಟ. ಕಾಯಿಲೆಯಲ್ಲಿ ಇಳಿದುಹೋಗಿದ್ದ ಆ ಮೈಯಲ್ಲಿ ಭಾರವೇ ಇರಲಿಲ್ಲ. ವಸ್ತಾದರು ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ, ನಾಲ್ಕನೆಯದನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತರು. ಫಕೀರವ್ವ ಬಂದು ಅವರ ಮುಷ್ಟಿ ಬಿಡಿಸಿದಳು.

ಎರಡು ದಿನ ವಸ್ತಾದರ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮೂರನೆಯ ದಿನ ಹಾಲೇಶನೇ ಹೊತ್ತಿಸಿದ. ಅವನು ತಟ್ಟಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸುಟ್ಟದ್ದು. ತಟ್ಟೆ ಇಟ್ಟು ವಸ್ತಾದರನ್ನು ಕೈಹಿಡಿದು ಕೂಡಿಸಿದ.

"ಎಷ್ಟು ಹಾಕಲ್ರಿ?"

ವಸ್ತಾದರು ಖಾಲಿ ತಟ್ಟೆಯಿಂದ ತಲೆ ಎತ್ತಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಕೇಳಿ ಬಡಿಸೋದನ್ನ ಯಾರಿಂದ ಕಲಿತಿ, ತಮ್ಮಾ? ನಾನಂತೂ ಕಲಿಸಿಲ್ಲ."