ಕುಟುರಪ್ಪನ ಹಳೇ ಮದ್ದಳೆ

ಲೋಕ ಆಗಷ್ಟೇ ಆಗಿತ್ತು. ಮಣ್ಣಿಗೆ ಇನ್ನೂ ಹೊಸ ಮಡಕೆಯ ವಾಸನೆ. ಬೆಟ್ಟಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ಸರಿದಾಡುತ್ತಿದ್ದವು. ಗಾಳಿ, ಹೊಳೆ, ಹಕ್ಕಿ, ಕಪ್ಪೆ ಎಲ್ಲಕ್ಕೂ ಮಾತು ಬರುತ್ತಿತ್ತು. ಹಾಡು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಒಂದು ದಿನ ಸ್ವಾಮಿ ಬುಟ್ಟಿ ತುಂಬ ಹಾಡು ತುಂಬಿಕೊಂಡು ಆಲದ ಮರದ ಕೆಳಗೆ ಕೂತ.

"ಬನ್ನಿ ಮಕ್ಕಳೇ, ಒಂದೊಂದು ತಗೊಳ್ಳಿ. ಹುಣ್ಣಿಮೆ ಕಳೆದ ಬೆಳಿಗ್ಗೆ ಲೋಕದ ಮೊದಲ ಮಂಗಳಾರತಿ. ಸೂರ್ಯ ತಟ್ಟೆ ಹಿಡಿಯುತ್ತಾನೆ. ಅವತ್ತು ಯಾರು ಯಾವ ಸೇವೆ ಸಲ್ಲಿಸುತ್ತೀರೋ, ಲೋಕ ಇರುವ ತನಕ ಆ ಸೇವೆ ನಿಮ್ಮದು" ಎಂದ.

ಎಲ್ಲರೂ ಓಡಿದರು. ಕೋಗಿಲೆ ಓಡಿತು, ನವಿಲು ಓಡಿತು, ಕಪ್ಪೆ ಕುಪ್ಪಳಿಸಿತು. ಕಾಗೆ ಮಾತ್ರ ಸಿಕ್ಕಿದ್ದನ್ನು ಎತ್ತಿಕೊಂಡು, ಅದೇನೆಂದು ಸಹ ನೋಡದೆ ಬಂದುಬಿಟ್ಟಿತು.

ಕುಟುರಪ್ಪ ಓಡಲಿಲ್ಲ. ಹಸಿರು ಮೈಯ, ಉದ್ದ ಬಾಲದ ಪುಟ್ಟ ಹಕ್ಕಿ ಅವನು. ಅತ್ತಿ ಮರದ ಒಣಕೊಂಬೆಯಲ್ಲಿ ಗೂಡಿಗೆಂದು ತೂತು ಕೊರೆಯುತ್ತಿದ್ದ. ತೂತು ದುಂಡಗೇ ಇತ್ತು. ಇನ್ನೊಂದು ಚೂರು ದುಂಡಗಾಗಲಿ ಎಂದು ಕುಕ್ಕುತ್ತ ಕೂತ. ಕೊನೆಗೆ ಅವನು ಹೋಗುವ ಹೊತ್ತಿಗೆ ಬುಟ್ಟಿ ಬರಿದಾಗಿತ್ತು. ಸ್ವಾಮಿ ಅದನ್ನು ಬೋರಲು ಹಾಕಿ ಕೊಡವಿದ. ಒಂದಿಷ್ಟು ಧೂಳು ಬಿತ್ತು, ಅಷ್ಟೆ.

"ಹಾಡು ಮುಗಿಯಿತಲ್ಲೋ ಮಗ" ಎಂದ ಸ್ವಾಮಿ. "ಸೇವೆ ಮುಗಿದಿಲ್ಲ. ನಿನ್ನ ಕೈಲಿ ಏನಾಗುತ್ತೋ ನೋಡು."

ಮನೆಗೆ ಬಂದರೆ ಹೆಂಡತಿ ಚಿಟ್ಟಮ್ಮ ಬಾಗಿಲಲ್ಲೇ ನಿಂತಿದ್ದಳು.

"ಬರಿಗೈಲಿ ಬಂದ್ರಾ? ನಂಗೊತ್ತಿತ್ತು. ಬೇಗ ಹೋಗಿ, ಬೇಗ ಹೋಗಿ ಅಂತ ಬೆಳಗಿಂದ ಬಡ್ಕೊಂಡೆ. ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಕೂತ್ರಿ. ಈಗ ಆರತಿ ದಿನ ಏನು ಮಾಡ್ತೀರಿ, ಸ್ವಾಮಿ ಮುಂದೆ ಆಕಳಿಸ್ತೀರಾ?"

ಲೋಕ ಇರುವ ತನಕ ಸೇವೆಯಿಲ್ಲದೆ ಸುಮ್ಮನೆ ಕೂರುವುದೆಂದರೆ ಎಷ್ಟು ದೀರ್ಘ ಎಂದು ಕುಟುರಪ್ಪ ಲೆಕ್ಕ ಹಾಕುತ್ತಿದ್ದ.

ಆ ಕಾಲಕ್ಕೆ ಹಳೇ ಸಾಮಾನಿನ ವ್ಯಾಪಾರ ಗಾಳಿಯದು. ಗಾಳಿಯಪ್ಪ ಊರೂರು ತಿರುಗಿ ಉದುರಿದ ಎಲೆ, ಬಿಟ್ಟ ಗೂಡು, ಕಳಚಿದ ಹಾವಿನ ಪೊರೆ ಎಲ್ಲ ಹೊತ್ತು ತಂದು ಹೊಳೆಯ ತಿರುವಿನಲ್ಲಿ ಗುಡ್ಡೆ ಹಾಕುತ್ತಿದ್ದ. ಲೋಕವೇ ಹೊಸದು, ಹಳೇ ಸಾಮಾನು ಎಲ್ಲಿಂದ ಬಂತು ಎಂದು ಕೇಳಬೇಡಿ. ಲೋಕ ಮಾಡುವುದಕ್ಕೂ ಮುಂಚೆ ಸ್ವಾಮಿ ಎಷ್ಟು ಸಾಮಾನು ಮಾಡಿಟ್ಟಿದ್ದನೋ, ಯಾರು ಕಂಡವರು.

ಆ ಗುಡ್ಡೆಯಲ್ಲಿ ಕುಟುರಪ್ಪನ ಕಣ್ಣಿಗೆ ಒಂದು ಮರದ ಬೊಡ್ಡೆ ಬಿತ್ತು. ಮೈತುಂಬ ಮಣ್ಣು ಮೆತ್ತಿಕೊಂಡಿತ್ತು.

"ಇದೇನು ಗಾಳಿಯಪ್ಪ?"

"ಒರಳು. ಒಳ್ಳೇ ಒರಳು. ಭತ್ತ ಕುಟ್ಟಬಹುದು."

ಒರಳಿಗೆ ಎರಡು ಬಾಯಿ ಇರುತ್ತದೆಯೇ? ಕುಟುರಪ್ಪ ಮಾತಾಡದೆ ಒಂದು ಸುತ್ತು ಹಾಕಿದ. ಒಂದು ಬಾಯಿ ದೊಡ್ಡದು, ಒಂದು ಚಿಕ್ಕದು. ಹೊಟ್ಟೆ ನಟ್ಟನಡುವೆ ಉಬ್ಬದೆ ಕೊಂಚ ಒಂದು ಕಡೆಗೆ ಉಬ್ಬಿತ್ತು. ಕೊಕ್ಕಿನಿಂದ ಮೆಲ್ಲಗೆ ಕೆರೆದ. ಮಣ್ಣಿನಡಿ ಹಳದಿ ಮರ, ಹಲಸು. ಎರಡೂ ಅಂಚಿನಲ್ಲಿ ಬಾರು ಎಳೆದು ಎಳೆದು ಸವೆದ ಗೆರೆ. ದಿನವೂ ಮರ ಕುಟ್ಟುವವನಿಗೆ ಮರದ ಗುಟ್ಟು ತಿಳಿಯದೇ? ಒಮ್ಮೆ ಪಕ್ಕಕ್ಕೆ ಕುಕ್ಕಿ ಕಿವಿ ಕೊಟ್ಟ. ಎಲ್ಲೂ ಬಿರುಕಿಲ್ಲ. ಚಿಕ್ಕ ಬಾಯಿಗೆ ಬಿಗಿದ ಚರ್ಮ ಮಣ್ಣಿನೊಳಗೆ ಹಾಗೇ ಇತ್ತು. ಅದನ್ನು ತಟ್ಟಿದ.

ಢೀಂ!

ಅಷ್ಟು ಮಣ್ಣಿನ ಒಳಗಿಂದ ಅಷ್ಟು ಸಿಹಿ ದನಿ! ಇದು ಮದ್ದಳೆ! ಕುಟುರಪ್ಪನ ಎದೆ ಹೊಡೆದುಕೊಂಡಿತು. ಮುಖ ಮಾತ್ರ ಸಪ್ಪಗೆ ಮಾಡಿಕೊಂಡ.

"ಹೋಗಲಿ, ಮಳೆ ಬಂದರೆ ಒಳಗೆ ಕೂರೋಕಾಗುತ್ತೆ. ಏನು ಕೊಡಬೇಕು?"

ಗಾಳಿಯಪ್ಪ ನಕ್ಕ. "ನೀನು ಅದನ್ನ ಸುತ್ತಿದ್ದು, ಕೆರೆದದ್ದು, ಕಿವಿ ಕೊಟ್ಟದ್ದು ಎಲ್ಲ ನೋಡಿದೀನಯ್ಯ. ನಿನ್ನ ಬಾಲ ಕೊಡು. ನನಗೆ ಆಡಿಸೋಕೆ ಏನೂ ಇಲ್ಲ."

ಕುಟುರಪ್ಪ ಒಂದು ಗಳಿಗೆ ಬಾಲ ನೋಡಿಕೊಂಡ. ಸ್ವಾಮಿಗೆ ಕೈಮುಗಿದ. ಕೊಟ್ಟುಬಿಟ್ಟ.

ಬಾಲವಿಲ್ಲದೆ, ಬೊಡ್ಡೆ ಉರುಳಿಸಿಕೊಂಡು ಬರುವವನನ್ನು ಕಂಡು ಕಾಗಣ್ಣ ಮರದಿಂದ ಬೀಳುವಷ್ಟು ನಕ್ಕ. "ಏನೋ ಮೋಟ, ಬಾಲ ಮಾರಿ ಕುರ್ಚಿ ತಂದ್ಯಾ?"

"ಮದ್ದಳೆ ಕಾಗಣ್ಣ."

"ಸರಿ ಸರಿ. ನಾನೂ ಕೋಗಿಲೆ."

ಹೊಳೆಯ ದಂಡೆಯಲ್ಲಿ ಕುಟುರಪ್ಪ ಮದ್ದಳೆ ತೊಳೆಯಲು ಕೂತ. ಮಣ್ಣು ಹೋಯಿತು. ದೊಡ್ಡ ಬಾಯಿಯ ಚರ್ಮ ಹರಿದಿತ್ತು. ಬಾರುಗಳನ್ನು ಗೆದ್ದಲು ತಿಂದಿತ್ತು. ಚಿಕ್ಕ ಬಾಯಿಯ ಚರ್ಮ ಗಟ್ಟಿಯಾಗಿತ್ತು. ಆದರೆ ಅದರ ನಡುವೆ ಅಂಗೈಯಗಲ ಕಪ್ಪಗೆ ಏನೋ ಮೆತ್ತಿಕೊಂಡಿತ್ತು.

ಸ್ವಾಮಿಯ ಮುಂದೆ ಕೊಳೆ ಇಡಲಾದೀತೇ? ಪೂಜೆಯ ತಂಬಿಗೆಯನ್ನು ಉಜ್ಜುವ ಹಾಗೆ ಹುಣಸೆಹುಳಿ ಹಾಕಿ ಉಜ್ಜಿದ. ಬೂದಿ ಹಾಕಿ ಉಜ್ಜಿದ. ಸ್ವಾಮಿಯ ಹೆಸರು ಹೇಳುತ್ತ ಉಜ್ಜಿದ. ಕಪ್ಪು ಪೂರ್ತಿ ಹೋಗಿ ಚರ್ಮ ಬೆಳ್ಳಗಾಯಿತು. ಸಂತೋಷದಿಂದ ತಟ್ಟಿದ.

ದೊಪ್.

ಮತ್ತೆ ತಟ್ಟಿದ. ದೊಪ್. ಒದ್ದೆ ಮಣ್ಣಿನ ಮೇಲೆ ಹಣ್ಣು ಬಿದ್ದಂತೆ.

"ಅಯ್ಯೋ ಪುಣ್ಯಾತ್ಮ!" ಹೊಳೆಯವ್ವ ಹರಿಯುವುದನ್ನು ನಿಲ್ಲಿಸಿದಳು. "ಅದನ್ಯಾಕಪ್ಪ ತೊಳೆದೆ?"

"ಕೊಳೆ ಇತ್ತವ್ವ."

"ಕೊಳೆಯಲ್ಲ ಮಗ, ಅದರ ನಾಲಿಗೆ ಅದು. ಕರಣೆ ಅಂತಾರೆ. ಗುಡುಗಪ್ಪ ಎಳೆಯನಿದ್ದಾಗ ಇಲ್ಲೇ ಕೂತು ಈ ಮದ್ದಳೆ ಮೇಲೆ ಪಾಠ ಕಲೀತಿದ್ದ. ಆ ಕಪ್ಪು ಹಾಕೋಕೆ ಕಲ್ಲು ಕೊಟ್ಟವಳೇ ನಾನು. ಕೈ ದೊಡ್ಡದಾದ ಮೇಲೆ ದೊಡ್ಡದು ಮಾಡಿಸ್ಕೊಂಡ, ಇದನ್ನ ಬಿಟ್ಟುಹೋದ."

ಬಾಲವೂ ಹೋಯಿತು, ದನಿಯೂ ಹೋಯಿತು. ಅದೂ ತನ್ನ ಭಕ್ತಿಯಿಂದಲೇ ಹೋಯಿತು. ಕುಟುರಪ್ಪನಿಗೆ ಅಳು ಬಂತು.

"ಅತ್ತರೆ ಚರ್ಮ ಇನ್ನೂ ನೆನೆಯುತ್ತೆ" ಎಂದಳು ಹೊಳೆಯವ್ವ. "ನನ್ನ ತಳದ ಕರಿಕಲ್ಲು ಪುಡಿ ಮಾಡು. ಅನ್ನದ ಜೊತೆ ನುರಿ. ಎಳ್ಳಷ್ಟು ಹಚ್ಚು, ನುಣ್ಣನೆ ಕಲ್ಲಿಂದ ತಿಕ್ಕು, ಬಿಸಿಲಲ್ಲಿ ಒಣಗಿಸು. ಮತ್ತೆ ಎಳ್ಳಷ್ಟು. ಆತುರ ಮಾಡಿದರೆ ಬಿರಿಯುತ್ತೆ."

ಚಿಟ್ಟಮ್ಮ ಬಯ್ಯುತ್ತಲೇ ಬಂದಳು, ಬಯ್ಯುತ್ತಲೇ ಅನ್ನ ನುರಿದಳು. ದೊಡ್ಡ ಬಾಯಿಗೆ ಹಾವಿನ ಪೊರೆ ಮಡಿಸಿ ಹೊದಿಸಿದರು. ಕುಟುರಪ್ಪ ಹಚ್ಚಿದ, ತಿಕ್ಕಿದ, ಒಣಗಿಸಿದ. ಮತ್ತೆ ಹಚ್ಚಿದ, ತಿಕ್ಕಿದ, ಒಣಗಿಸಿದ. ಬಾರಿಗೇನು ಮಾಡುವುದೆಂದು ತಲೆ ಮೇಲೆ ಕೈಹೊತ್ತು ಕೂತಾಗ ಚಿಟ್ಟಮ್ಮ ಪೊದೆಯ ಹಿಂದೆ ಹೋದಳು. ಬಂದಾಗ ಅವಳಿಗೂ ಬಾಲವಿರಲಿಲ್ಲ. ಗರಿಗಳನ್ನು ನೀಟಾಗಿ ಹೊಸೆದು ಹುರಿ ಮಾಡಿದ್ದಳು.

"ಇದೇನೇ ಮಾಡ್ಕೊಂಡೆ?"

"ನೀವು ಮೋಟಾಗಿ ಓಡಾಡೋವಾಗ ನಾನೊಬ್ಬಳು ಬಾಲ ಬಿಟ್ಕೊಂಡು ಮೆರೀಲಾ? ಹಿಡೀರಿ, ಬಿಗೀರಿ."

ಹುಣ್ಣಿಮೆ ಕಳೆಯಿತು. ಬೆಳಗಾಗುತ್ತ ಬಂತು. ಕರಣೆ ಮೂಡಿತ್ತು, ಬಾರು ಬಿಗಿದಿತ್ತು, ಶ್ರುತಿ ಮಾತ್ರ ಸೇರಿರಲಿಲ್ಲ. ಅಂಚಿನ ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲ. ಅತ್ತ ಬಿಗಿದರೆ ಇತ್ತ ಸಡಿಲ.

ಆರತಿಗೆ ಮುಂಚೆ ಮದ್ದಳೆಗೂ ಪೂಜೆಯಾಗಬೇಕಲ್ಲ. ಚಿಟ್ಟಮ್ಮ ಅದಕ್ಕೆ ಅರಿಶಿನ, ಕುಂಕುಮ ಹಚ್ಚಿದಳು. ಇಬ್ಬರೂ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದರು. ಆಮೇಲೆ ಎಲ್ಲರಿಗೂ ಹಿಂದೆ, ಮೂಲೆಯಲ್ಲಿ ಹೋಗಿ ಕೂತರು.

ಸೂರ್ಯ ಆರತಿ ತಟ್ಟೆ ಹಿಡಿದು ಬೆಟ್ಟದ ಹಿಂದೆ ನಿಂತಿದ್ದ. ಸ್ವಾಮಿ ಕಣ್ಣು ಮುಚ್ಚಿದ. ಸೇವೆ ಶುರುವಾಯಿತು.

ಎಂಥ ಶುರು! ಕೋಗಿಲೆ ಕುಹೂ ಎಂದು ಎಳೆಯುವಷ್ಟರಲ್ಲಿ ನವಿಲು ಕಿರುಚಿತು. ಕಪ್ಪೆಗಳು ಒಂದರ ಮಾತಿಗೆ ಒಂದು ಬಾಯಿ ಹಾಕಿದವು. "ನಂದು ಮೊದಲು!" "ಏ, ಸುಮ್ನಿರೋ!" ಕಾಗಣ್ಣ ಹಾಡುತ್ತಿದ್ದಾನೋ ಜಗಳವಾಡುತ್ತಿದ್ದಾನೋ ತಿಳಿಯಲಿಲ್ಲ. ಯಾವ ಗಳಿಗೆಯಲ್ಲಿ ಆರತಿ ಎತ್ತಬೇಕೆಂದು ಗೊತ್ತಾಗದೆ ಸೂರ್ಯ ಬೆಟ್ಟದ ಹಿಂದೆಯೇ ನಿಂತುಬಿಟ್ಟ. ಆಕಾಶ ಬೆಳಗಲೇ ಇಲ್ಲ.

ಕುಟುರಪ್ಪನಿಗೆ ಇದ್ಯಾವುದೂ ಕೇಳಲಿಲ್ಲ. ತನ್ನ ಸರದಿ ಬರುವುದರೊಳಗೆ ಶ್ರುತಿ ಸೇರಬೇಕು, ಅಷ್ಟೇ ಅವನಿಗೆ. ಪುಟ್ಟ ಕಲ್ಲಿನಿಂದ ಅಂಚಿಗೆ ತಟ್ಟಿದ, ಕಿವಿ ಕೊಟ್ಟ, ತಿರುಗಿಸಿದ. ಟುಕ್. ತಟ್ಟಿದ, ಕಿವಿ ಕೊಟ್ಟ, ತಿರುಗಿಸಿದ. ಟುಕ್. ಟುಕ್. ಟುಕ್.

ಮೊದಲು ಆ ಸದ್ದು ಪಕ್ಕದ ಕಪ್ಪೆಯ ಕಿವಿಗೆ ಬಿತ್ತು. ಅದು ಟುಕ್ಕಿಗೊಂದು ವಟರ್ ಎಂದಿತು. ಅದನ್ನು ಕೇಳಿ ಉಳಿದವೂ ಸೇರಿಕೊಂಡವು. ನವಿಲು ಒಂದು ಟುಕ್ ತಡೆದು ಕೂಗಿತು. ಕೋಗಿಲೆ ಎಳೆದದ್ದನ್ನು ಟುಕ್ಕಿನ ಮೇಲೆ ತಂದು ಇಳಿಸಿತು. ಕಾಗಣ್ಣ ಕೂಡ ತನ್ನ ಕಾಕಾ ಕೂಗನ್ನು ಹೇಗೋ ಒಂದು ಕಡೆ ಸೇರಿಸಿದ. ಎಲ್ಲವೂ ಒಟ್ಟಿಗೆ ಏರಿದವು, ಒಟ್ಟಿಗೆ ನಿಂತವು. ಆ ಗಳಿಗೆಯಲ್ಲಿ ಸೂರ್ಯ ತಟ್ಟೆ ಎತ್ತಿದ. ಲೋಕದ ಮೊದಲ ಆರತಿ ಬೆಳಗಿತು.

ಬೆಳಕು ಕಣ್ಣಿಗೆ ಬಿದ್ದ ಮೇಲೆ ಕುಟುರಪ್ಪ ತಲೆಯೆತ್ತಿದ. ಆರತಿ ಆಗಿಹೋಗಿತ್ತು.

"ಸ್ವಾಮೀ!" ಎಂದು ಮುಂದಕ್ಕೆ ಓಡಿ ಕಾಲಿಗೆ ಬಿದ್ದ. "ನಾನಿನ್ನೂ ನುಡಿಸೇ ಇಲ್ಲ!"

"ಇವರೆಲ್ಲ ಯಾರ ಮದ್ದಳೆಗೆ ಹಾಡಿದರಪ್ಪ?" ಎಂದ ಸ್ವಾಮಿ. "ನಿನ್ನ ಸೇವೆ ನನಗೆ ಸಂದಿತು."

"ನನಗೆ ಬೇಜಾರಾಗಬಾರದು ಅಂತ ಹೇಳ್ತಿದೀರಿ. ಶ್ರುತಿ ಸೇರಿಲ್ಲ ಸ್ವಾಮಿ. ಇನ್ನೊಂದು ಚೂರು ಬಾಕಿ ಇದೆ."

ಚಿಟ್ಟಮ್ಮ ಹಣೆ ಚಚ್ಚಿಕೊಂಡಳು. ಸ್ವಾಮಿ ನಕ್ಕ. ಮದ್ದಳೆಯಿಂದ ಅವರಿಬ್ಬರ ಹಣೆಗೆ ಹತ್ತಿದ್ದ ಕುಂಕುಮ ಅಳಿಯದಿರಲೆಂದು ಹರಸಿದ. ಕಣ್ಣಿನ ಸುತ್ತ ಆರತಿಯ ಅರಿಶಿನ ಇಟ್ಟ. ಆ ಮದ್ದಳೆಯನ್ನು ಅಂಗೈಯಲ್ಲಿ ಹಿಡಿದು ಅತ್ತಿಹಣ್ಣಿನ ಬೀಜದಷ್ಟು ಮಾಡಿ, ಇಬ್ಬರ ಗಂಟಲಲ್ಲೂ ಇಟ್ಟು, ಮೇಲೊಂದು ಕೆಂಪು ಬೊಟ್ಟು ಒತ್ತಿದ.

"ಹಾಗಾದರೆ ಸೇರಿಸುತ್ತಿರು ಮಗ. ಅವಸರವಿಲ್ಲ. ನಾನೂ ಇಲ್ಲೇ ಇರುತ್ತೇನೆ" ಎಂದ.

ಅಂದಿನಿಂದ ಕುಟುರ ಹಕ್ಕಿಗೆ ಹಣೆಯಲ್ಲಿ ಕುಂಕುಮ, ಕಣ್ಣಂಚಿನಲ್ಲಿ ಅರಿಶಿನ, ಹಿಂದೆ ಮೋಟು ಬಾಲ. ಚಳಿಗಾಲದಲ್ಲಿ ಗಂಟಲ ಮದ್ದಳೆಯ ಚರ್ಮ ಸಡಿಲವಾಗುವುದರಿಂದ ಅದು ಹೆಚ್ಚು ಸದ್ದು ಮಾಡುವುದಿಲ್ಲ. ಬಿಸಿಲು ಏರಿ ಚರ್ಮ ಬಿಗಿದ ಮೇಲೆ ಒಣಕೊಂಬೆಯ ತುದಿಯಲ್ಲಿ ಕೂತು, ಗಂಟಲುಬ್ಬಿಸಿ, ಅಂಚು ಅಂಚಿಗೂ ತಟ್ಟುವವರ ಹಾಗೆ ತಲೆಯನ್ನು ಅತ್ತ ತಿರುಗಿಸಿ ಟುಕ್, ಇತ್ತ ತಿರುಗಿಸಿ ಟುಕ್ ಎನ್ನುತ್ತದೆ. ನಡುಮಧ್ಯಾಹ್ನ ಎಲ್ಲರೂ ಮಲಗಿರುವಾಗ ನಿಮಗೆ ಆ ಸದ್ದು ಕೇಳಿದರೆ, ಲೋಕದ ಮೊದಲ ಆರತಿ ತನ್ನ ತಾಳಕ್ಕೇ ಆಯಿತೆಂಬುದನ್ನು ಇನ್ನೂ ನಂಬದ ಕುಟುರಪ್ಪ, ಸ್ವಾಮಿ ಕಾಯುತ್ತಿದ್ದಾನೆಂದು ಮದ್ದಳೆಯ ಶ್ರುತಿ ಸೇರಿಸುತ್ತಿದ್ದಾನೆ ಎಂದು ತಿಳಿಯಿರಿ.