ನಾನೂರ ಹನ್ನೆರಡು ನಮಸ್ಕಾರ

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿ ನನಗೆ ಸಿಗುವ ಊಟ ತಪ್ಪುತ್ತದೆ. ಮರುಳಯ್ಯನವರು ಗುರು, ಶಂಭುಲಿಂಗ ಶಿಷ್ಯ. ಗುರುವಿಗೆ ತೊಂಬತ್ತು ವರ್ಷ ಎಂದು ಶಿಷ್ಯ ಹೇಳುತ್ತಾನೆ. ಗುರು ಎಪ್ಪತ್ತು ಎನ್ನುತ್ತಾರೆ. ಜಗಳ ಬೇಡವೆಂದು ನಾನು ಎಂಬತ್ತು ಅಂತ ಇಟ್ಟುಕೊಂಡಿದ್ದೇನೆ.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ. ಗುರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಶಿಷ್ಯ ಫೋನು ಹಿಡಿದು ಬಂದ.

“ಬುದ್ಧಿ, ಈ ವರ್ಷ ನಮ್ಮ ಆಶ್ರಮ ತೋರಿಸಿದ ಕರುಣೆಯದೇ ಒಂದು ವಿಡಿಯೊ ಮಾಡಿದ್ದೀನಿ. ನೋಡ್ತೀರಾ?”

“ಕರುಣೆ ವಿಡಿಯೊದಲ್ಲಿ ಕಾಣುತ್ತೇನಪ್ಪ?”

“ಹಿಂದುಗಡೆ ವೀಣೆ ಹಾಕಿದ್ದೀನಿ ಬುದ್ಧಿ. ಚೆನ್ನಾಗಿ ಕಾಣುತ್ತೆ.”

ಸುತ್ತಲ ಏಳು ಊರಿಗೆ ಒಂದೇ ವಾಟ್ಸ್ಆ್ಯಪ್ ಗುಂಪು. ಅದರಲ್ಲಿ ಯಾರದೇ ಸಾವಿನ ಸುದ್ದಿ ಬರಲಿ, ಮೊದಲ ಸಂತಾಪ ಆಶ್ರಮದ್ದು. ಶಂಭುಲಿಂಗ ಅದನ್ನು ಮೊದಲೇ ಬರೆದಿಟ್ಟುಕೊಂಡಿದ್ದ. ಹೆಸರೊಂದನ್ನು ತುಂಬಿ ಒತ್ತಿದರೆ ಆಯಿತು.

“ಮೊನ್ನೆ ಹರಿಗೋಲು ಹಾಕುವ ಜವರಯ್ಯನ ಹೆಂಡತಿ ಸಣ್ಣತಾಯಿ ಹೋದಳಲ್ಲ ಬುದ್ಧಿ, ಸುದ್ದಿ ಬಂದು ಅರ್ಧ ನಿಮಿಷ ಆಗಿರಲಿಲ್ಲ, ನಮ್ಮದು ಹೋಯ್ತು. ನಾವೇ ಫಸ್ಟು! ಆಮೇಲೆ ನೋಡಿ, ನಾನೂರ ಹನ್ನೆರಡು ಜನ ಕೈ ಮುಗಿದಿದ್ದಾರೆ.”

ಗುರುವಿನ ಕೈ ನಿಂತಿತು.

“ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವ ಹಾಗಿಲ್ಲ. ಜವರಯ್ಯನಿಗೆ ಊಟ ಯಾರು ಒಯ್ದರು?”

“ಯಾರಾದರೂ ಒಯ್ದಿರ್ತಾರೆ ಬುದ್ಧಿ. ನಾನೂರ ಹನ್ನೆರಡು ಜನ!”

“ಯಾರು ಅಂತ ಕೇಳು.”

ಶಂಭುಲಿಂಗ ರೈಸ್ ಮಿಲ್ಲಿನ ನಂಜಪ್ಪನಿಗೆ ಫೋನು ಮಾಡಿದ. ನಂಜಪ್ಪ ಹೇಳಿದ: “ಆಶ್ರಮದವರೇ ಮೊದಲು ಬರೆದಿದ್ರಲ್ಲ ಸ್ವಾಮಿ. ನೀವೇ ಒಯ್ದಿರ್ತೀರಿ ಅಂದ್ಕೊಂಡೆ.”

ಅಂಗನವಾಡಿ ಟೀಚರ್ ಸಾಕಮ್ಮ ಹೇಳಿದಳು: “ಅಯ್ಯೋ, ನೀವು ಒಯ್ದಿಲ್ವಾ?”

ಹನ್ನೊಂದು ಜನಕ್ಕೆ ಮಾಡಿದ. ಹನ್ನೊಂದು ಜನವೂ ಅದನ್ನೇ ಅಂದರು. ಶಂಭುಲಿಂಗ ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿದ.

“ಬುದ್ಧಿ, ಎರಡು ದಿನ ಆಗಿದೆ. ಹೊಳೆಯಂಚಿನ ಒಂಟಿ ಗುಡಿಸಲು. ಅವನಿಗೆ ಮಕ್ಕಳೂ ಇಲ್ಲ.” ಅವನ ದನಿ ಸಣ್ಣಗಾಗಿತ್ತು. “ಪೇಟೆಯಿಂದ ತರಿಸಿಬಿಡ್ತೀನಿ. ಫೋನಲ್ಲಿ ಒಂದು ಸಲ ಒತ್ತಿದರೆ...”

“ಒತ್ತಿದ್ದು ಸಾಕು. ಮುದ್ದೆ ತಿರುವು.”

“ನನಗೆ ಬರಲ್ಲ ಬುದ್ಧಿ. ಅಡುಗೆಯವರಿಗೆ ಹೇಳಲಾ?”

“ಮೊದಲು ಬರೆದವರು ಅವರಲ್ಲವಲ್ಲ.”

“ಫೋನಲ್ಲಿ ನೋಡಿಕೊಂಡು ತಿರುವಲೇ?”

“ನೋಡಿಕೋ. ವರ್ಷದಲ್ಲಿ ಒಂದು ದಿನವಾದರೂ ಅದು ಒಲೆ ಹತ್ತಿರ ಬರಲಿ.”

ಫೋನು ಹೇಳಿದಂತೆಯೇ ತಿರುವಿದ. ಆದರೂ ಮುದ್ದೆಯ ತುಂಬ ಗಂಟು. ಅವರೆಕಾಳಿನ ಸಾರನ್ನು ಗುರುವೇ ಮಾಡಿದರು. ಉಪ್ಪು ಎರಡು ಸಲ ಹಾಕಿದರು ಎಂದು ಕೇಳಿದ್ದೇನೆ. ಅವರು ಒಪ್ಪುವುದಿಲ್ಲ.

ಮಧ್ಯಾಹ್ನ ಇಬ್ಬರೂ ಪಾತ್ರೆ ಹೊತ್ತು ಹೋದರು.

ಹರಿಗೋಲು ಮರಳಿನ ಮೇಲೆ ಬೋರಲು ಬಿದ್ದಿತ್ತು. ಜವರಯ್ಯ ಅದಕ್ಕೆ ಒರಗಿ ಕೂತು, ಒಂದು ಬೆರಳಿನಲ್ಲಿ ಫೋನು ಒತ್ತುತ್ತಿದ್ದ.

“ಏನು ಮಾಡ್ತಿದ್ದೀಯ ಜವರಯ್ಯ?”

“ಬನ್ನಿ ಬುದ್ಧಿ. ನಂಗೆ ಓದಕ್ಕೆ ಬರಲ್ಲ. ಆದ್ರೆ ಎಲ್ಲಾರೂ ಕೈ ಮುಗ್ದವ್ರೆ, ಅಷ್ಟು ಕಾಣ್ತದೆ. ಅದ್ಕೆ ನಾನೂ ಒಬ್ಬೊಬ್ರಿಗೂ ತಿರುಗಿ ಕೈ ಮುಗೀತಾ ಇವ್ನಿ. ಮುಗಿಯೋದೇ ಇಲ್ಲ ಬುದ್ಧಿ. ಬೆರಳೆಲ್ಲ ನೋವು.”

ಶಂಭುಲಿಂಗ ತಲೆ ತಗ್ಗಿಸಿ ಎಲೆ ಹಾಕಿದ. ಮುದ್ದೆ ಇಟ್ಟ. ಸಾರು ಬಡಿಸಿದ.

ಜವರಯ್ಯ ಮುದ್ದೆಯನ್ನೇ ನೋಡುತ್ತ ಕೂತ. ಮುಟ್ಟಲಿಲ್ಲ. ಗುರುವೂ ಉಣ್ಣು ಎನ್ನಲಿಲ್ಲ. ಶಂಭುಲಿಂಗ ಸಾರಿನ ಸೌಟು ಹಿಡಿದೇ ನಿಂತಿದ್ದ.

ಕೊನೆಗೆ ಜವರಯ್ಯ ಒಂದು ತುತ್ತು ಮುರಿದ. ಬೆರಳಲ್ಲಿ ಹಿಚುಕಿ ನೋಡಿದ.

“ಬುದ್ಧಿ, ಇದು ಮುದ್ದೇನೋ, ಹೊಳೆ ಕಲ್ಲೋ?”

“ನಾನೇ ತಿರುವಿದ್ದು ಜವರಯ್ಯ,” ಅಂದ ಶಿಷ್ಯ.

“ನಮ್ ಸಣ್ಣತಾಯಿ ಇದ್ದಿದ್ರೆ ಇದ್ನ ನಿಮ್ ತಲೆಗೇ ಎಸೀತಿದ್ಲು.”

“ಗುರಿ ಹೇಗಿತ್ತು ಅವಳದು?” ಗುರು ಕೇಳಿದರು.

“ಏನ್ ಗುರಿ ಅಂತೀರಿ! ಒಂದ್ಸಲ ನಾನು ಸಾರು ಸಪ್ಪೆ ಅಂದ್ಬಿಟ್ಟೆ. ಈ ಕಿವಿ ನೋಡಿ, ಇಲ್ಲಿಗೆ ಸೌಟು ಬಂತು. ನಾನು ಹೊಳೆ ನಡುವೆ ಹರಿಗೋಲಲ್ಲಿ ಇದ್ದೆ ಬುದ್ಧಿ! ಅವ್ಳು ದಡದಲ್ಲಿ!”

ಜವರಯ್ಯ ನಕ್ಕ. ನಗುನಗುತ್ತ ಅತ್ತ. ಅಳುತ್ತ ತುತ್ತು ಬಾಯಿಗಿಟ್ಟ. ಮೂಗು ಒರೆಸಿಕೊಂಡು ಮತ್ತೊಂದು ತುತ್ತು, ಮತ್ತೊಂದು ಸಣ್ಣತಾಯಿಯ ಕಥೆ. ಎರಡು ಮುದ್ದೆ ಖಾಲಿಯಾಗುವ ಹೊತ್ತಿಗೆ ಹೊಳೆಯ ಮೇಲೆ ಬಿಸಿಲು ಓರೆಯಾಗಿತ್ತು. ಪಕ್ಕದಲ್ಲಿ ಅವನ ಫೋನು ಗುಂಯ್ ಗುಂಯ್ ಎನ್ನುತ್ತಿತ್ತು. ಅವನು ಎತ್ತಿಕೊಳ್ಳಲಿಲ್ಲ.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಶಿಷ್ಯ ನಿಂತ.

“ಬುದ್ಧಿ, ಪಾತ್ರೆ ಮುಚ್ಚಳ ಅಲ್ಲೇ ಬಿಟ್ಟು ಬಂದೆ! ಓಡಿ ಹೋಗಿ ತರ್ತೀನಿ.”

“ಈಗ ಬೇಡ. ನಾಳೆ ತಾ.”

“ನಾಳೆ ಹೊಸ ವರ್ಷ ಬುದ್ಧಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಮ್ಮ ಶುಭಾಶಯ...” ಎಂದವನು ನಾಲಿಗೆ ಕಚ್ಚಿಕೊಂಡ. “ಹೋಗ್ತೀನಿ ಬುದ್ಧಿ. ಊಟಾನೂ ಒಯ್ತೀನಿ. ಮುಚ್ಚಳ ಮರೆಯದೆ ತರ್ತೀನಿ.”

“ಮುಚ್ಚಳ ತಾ. ಸೌಟು ಮರೆತು ಬಾ.”

ಶಿಷ್ಯ ಹತ್ತು ಹೆಜ್ಜೆ ನಡೆದು ತಿರುಗಿದ.

“ಆಮೇಲೆ ಸೌಟು ಯಾರು ತರಬೇಕು ಬುದ್ಧಿ?”

“ಗುಂಪಿನಲ್ಲಿ ಕೇಳು,” ಅಂದರು ಗುರು. “ಮೊದಲು ಕೈ ಮುಗಿದವರು ತರಲಿ.”