ತೊಳೆದರೆ ಹೋಗುವ ಕೈಗುಣ

"ಗುರುಗಳೇ, ಒಳ್ಳೆಯ ಮನಸ್ಸಿನಿಂದ ಮಾಡಿದ ಸೇವೆಯಿಂದಲೂ ಕೇಡಾಗುತ್ತದೆಯೇ?"

ಕೇಳಿದವನು ಶಿಷ್ಯ ರೇವಯ್ಯ. ಮಠದ ಜಗುಲಿಯಲ್ಲಿ ಮಲಗಿದ್ದ ದಾರಿಹೋಕನೊಬ್ಬನ ಕೀವುಗಟ್ಟಿದ ಕಾಲಿಗೆ ಬಟ್ಟೆ ಕಟ್ಟಿ ಆಗತಾನೇ ಒಳಗೆ ಬಂದಿದ್ದ. ಬಂದವನೇ ಮಧ್ಯಾಹ್ನದ ರಸಾಯನಕ್ಕೆಂದು ಬಾಳೆಹಣ್ಣಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡ.

"ಬುಟ್ಟಿ ಹಾಗೇ ಇರಲಿ, ಕತೆ ಕೇಳು" ಎಂದರು ಗುರುಗಳು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಮಾತು ಜೋರು, ಮನಸ್ಸು ಬೆಣ್ಣೆ. ಹೆರಿಗೆ ಮಾಡಿಸುವುದಲ್ಲದೆ ಕುರು, ಗಾಯಗಳಿಗೂ ಅವಳೇ ಮದ್ದು ಹಾಕುತ್ತಿದ್ದಳು. "ಎಂಥಾ ಕೈಗುಣ! ಅವಳು ಮುಟ್ಟಿದರೆ ಸಾಕು" ಎಂದು ಊರೆಲ್ಲ ಕೊಂಡಾಡುತ್ತಿತ್ತು. ಹೊಗಳಿ ಹೊಗಳಿ ಜನ ಅವಳಿಗೊಂದು ಕಟ್ಟಳೆಯನ್ನೂ ಮಾಡಿಟ್ಟರು: ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಅವಳು ಕೈ ತೊಳೆಯಬಾರದು, ತೊಳೆದರೆ ಕೈಗುಣ ನೀರು ಪಾಲಾಗುತ್ತದೆ. ಅವಳೂ ನಂಬಿದಳು. ಹೊಗಳಿಕೆ ಯಾರಿಗೆ ಬೇಡ ಹೇಳು! ಕೈಯನ್ನು ಸೆರಗಿಗೆ ಒರೆಸಿಕೊಂಡು ನಡೆದುಬಿಡುತ್ತಿದ್ದಳು.

ಆಗೊಮ್ಮೆ ಈಗೊಮ್ಮೆ ಯಾವಳೋ ಬಾಣಂತಿಗೆ ಚಳಿ ಹತ್ತಿ ಮೈ ಕಾಯುತ್ತಿತ್ತು, ಕಿಬ್ಬೊಟ್ಟೆ ನೋಯುತ್ತಿತ್ತು. ಒಬ್ಬಳಂತೂ ಉಳಿಯಲೇ ಇಲ್ಲ. ದೃಷ್ಟಿ ತಾಗಿತು ಎಂದರು ಜನ. ಸೂಲಗಿತ್ತಿ ಗೋಳೋ ಎಂದು ಅತ್ತಳು, ಉಳಿದವರಿಗೆ ದೃಷ್ಟಿ ನೀವಾಳಿಸಿದಳು, ಮತ್ತೆ ಸೆರಗಿಗೇ ಕೈ ಒರೆಸಿದಳು.

ಹೀಗಿರಲು ಅವಳ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ಬೆಳಿಗ್ಗೆ ಸೂಲಗಿತ್ತಿ ರೈತನೊಬ್ಬನ ಬೆನ್ನಿನ ಕುರು ಹಿಂಡುತ್ತಿದ್ದಾಗ ಮಗಳಿಗೆ ನೋವು ಶುರುವಾಯಿತೆಂದು ಪಕ್ಕದ ಮನೆಯವಳು ಕೂಗಿದಳು. ಕೀವು ಒರೆಸಿದ ಸೆರಗಿನಲ್ಲೇ ಎದ್ದುಬಿದ್ದು ಓಡಿ ಬಂದಳು. ಹೊಸ್ತಿಲು ದಾಟುವಷ್ಟರಲ್ಲಿ ಮಗಳು ಮಲಗಿದ್ದಲ್ಲಿಂದಲೇ ತಡೆದಳು.

"ಅವ್ವಾ, ನೀರು ಕಾದಿದೆ. ಕೈ ತೊಳೆದುಕೊಂಡು ಬಾ."

"ಅಯ್ಯೋ ಹುಚ್ಚಿ! ಊರಿಗೆಲ್ಲ ಬೇಕಾದ ಕೈಗುಣ ನಿನಗೆ ಬೇಡವೇನೇ?"

ಮಗಳು ನೋವಿನ ನಡುವೆಯೂ ನಕ್ಕಳು. "ದಿನಾ ಊಟಕ್ಕೆ ಕೂರುವಾಗ ತೊಳೆಯುತ್ತೀಯಲ್ಲ, ಆಗ ಹೋಗದ ಕೈಗುಣ ಈಗ ಹೋಗುತ್ತದೆಯೇ? ನಿನ್ನ ತುತ್ತಿಗಿರುವ ಮರ್ಯಾದೆ ನನ್ನ ಕೂಸಿಗಿಲ್ಲವೇ?"

ಸೂಲಗಿತ್ತಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ರೈತನ ಕುರುವಿನ ಕೀವು ಹಾಗೇ ಇತ್ತು. ಉಳಿಯದೆ ಹೋದ ಆ ಬಾಣಂತಿ ನೆನಪಾದಳು. ಅವತ್ತೂ ಯಾರದೋ ಗಾಯ ಕಟ್ಟಿಯೇ ಅವಳ ಮನೆಗೆ ಹೋಗಿದ್ದೆನಲ್ಲ! ಸೀರೆ ಬದಲಿಸಿದಳು, ಉಗುರು ತೆಗೆದಳು, ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಹೊಕ್ಕುಳಬಳ್ಳಿ ಕೊಯ್ಯುವ ಚೂರಿಯನ್ನೂ ಕುದಿಯುವ ನೀರಿಗೆ ಹಾಕಿದಳು.

ಹೆಣ್ಣು ಕೂಸು ಹುಟ್ಟಿತು. ಅದರ ಕಿರುಚಾಟ ಬೀದಿಯ ಕೊನೆಗೂ ಕೇಳಿತು. ಆದರೂ ಸೂಲಗಿತ್ತಿಯ ಜೀವಕ್ಕೆ ನೆಮ್ಮದಿ ಎಲ್ಲಿ? ಗಳಿಗೆಗೊಮ್ಮೆ ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು. ಹಣೆ ತಣ್ಣಗೇ ಇತ್ತು. ಬಾಣಂತಿಯದು ಒಂದೇ ದೂರು: "ಈ ಮೆಣಸಿನ ಸಾರು ಸಾಕಪ್ಪಾ ಸಾಕು!" ತೊಟ್ಟಿಲಿಗೆ ಹಾಕುವ ದಿನ ಅಜ್ಜಿ ಸೆರಗು ಕಟ್ಟಿ ಕುಣಿದೇ ಕುಣಿದಳು.

ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಬಿಸಿನೀರು ಕೇಳಿದಳು. ಬಾಣಂತಿಯ ಮೈ ಬಿಸಿಯಾದರೆ ದೃಷ್ಟಿ ಎನ್ನದೆ ತಕ್ಷಣ ವೈದ್ಯರ ಮನೆಗೆ ಗಾಡಿ ಕಟ್ಟಿಸಿದಳು. ಜನ ಬಿಡುತ್ತಾರೆಯೇ? "ಓಹೋ, ಕೈಗುಣವೆಲ್ಲ ಆ ನೀರಿಗಿಳಿದಿದೆ" ಎಂದು ಅವಳು ಕೈ ತೊಳೆದ ನೀರನ್ನು ತೀರ್ಥವೆಂದು ಒಯ್ಯಲು ಚೊಂಬು ಹಿಡಿದು ಸಾಲುಗಟ್ಟಿದರು! ಅವಳು ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋದಳು: "ಅದರಲ್ಲಿರುವುದು ಕೊಳೆ ಕಣ್ರೋ, ಕೊಳೆ! ನಿಮ್ಮ ನಿಮ್ಮ ಕೈ ತೊಳೆದುಕೊಳ್ಳಿ, ಹೋಗಿ!"

ರೇವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥಾ ದಡ್ಡ ಜನ ಗುರುಗಳೇ!" ಎನ್ನುತ್ತ ಬಾಳೆಹಣ್ಣಿನ ಬುಟ್ಟಿಗೆ ಕೈ ಹಾಕಿದ.

ಗುರುಗಳೂ ನಗುತ್ತಲೇ ಕೇಳಿದರು: "ಅದಿರಲಿ ರೇವಯ್ಯ, ದಾರಿಹೋಕನ ಕಾಲಿನ ಕೀವು ಒರೆಸಿದ್ದು ಯಾವ ಕೈಯಿಂದ?"